ಶುಗರ್ ಡ್ರಿಪ್ಪಿನಿಂದ ಬಂದಿದ್ದಲ್ಲ

ವೈರಲ್ ನ್ಯುಮೋನಿಯಾ, ಅಂದರೆ ವೈರಸ್‌ನಿಂದ ಶ್ವಾಸಕೋಶಕ್ಕೆ ಸೋಂಕಾಗಿ ಆಸ್ಪತ್ರೆ ಸೇರಿದವರ ಬಗ್ಗೆ ಇವತ್ತು ಮತ್ತೆ ಅದೇ ಮಾತು ಕಿವಿಗೆ ಬಿತ್ತು: "ಮೊದಲು ಶುಗರ್ ಇರಲೇ ಇಲ್ಲ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿ ಹಾಕಿ ಬರಿಸಿಬಿಟ್ಟರು." ಕೇಳಿದಾಗಲೆಲ್ಲ ಸಂಕಟ ಆಗುತ್ತದೆ. ಹೀಗೆ ನಂಬಿದವರು ಮನೆಗೆ ಹೋದ ಮೇಲೆ ಇನ್ನೊಂದು ಟೆಸ್ಟ್ ಮಾಡಿಸುವುದೇ ಇಲ್ಲ.

ಡ್ರಿಪ್ಪಿನಲ್ಲಿ ಹಾಕುವ ಗ್ಲೂಕೋಸ್ ನೀರು, ಅಂದರೆ 5% ಡೆಕ್ಸ್‌ಟ್ರೋಸ್, ಅರ್ಧ ಲೀಟರಿನಲ್ಲಿ ಇರುವುದು 25 ಗ್ರಾಂ ಸಕ್ಕರೆ. ನಾರ್ಮಲ್ ಸಲೈನ್ (ಉಪ್ಪುನೀರು) ಆದರೆ ಸಕ್ಕರೆಯೇ ಇಲ್ಲ. ಆರೋಗ್ಯವಂತ ದೇಹ ಆ 25 ಗ್ರಾಂ ಅನ್ನು ಸಲೀಸಾಗಿ ಅರಗಿಸಿಕೊಳ್ಳುತ್ತದೆ. ವೈರಸ್ ಶ್ವಾಸಕೋಶಕ್ಕೆ ಇಳಿದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಉರಿಯೂತದ ಸಂಕೇತಗಳಾದ ಐಎಲ್-6, ಟಿಎನ್‌ಎಫ್, ಸಕ್ಕರೆ ಏರಿಸುವ ಹಾರ್ಮೋನುಗಳಾದ ಕಾರ್ಟಿಸಾಲ್, ಅಡ್ರಿನಲಿನ್, ಗ್ಲೂಕಗಾನ್ ಎಲ್ಲವೂ ಒಟ್ಟಿಗೆ ಏರುತ್ತವೆ. ಲಿವರ್ ಬಿಡುವಿಲ್ಲದೆ ಸಕ್ಕರೆ ತಯಾರಿಸುತ್ತದೆ, ಸ್ನಾಯುಗಳ ಮೇಲೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಸಕ್ಕರೆಯ ಕಚ್ಚಾವಸ್ತುವಿನಲ್ಲಿ ಒಂದು ಪಾಲು ರೋಗಿಯ ಸ್ನಾಯು ಕರಗಿಯೇ ಬರುತ್ತದೆ. ಬರೀ ಉಪವಾಸವಿದ್ದರೆ ದೇಹ ಕೆಲವು ದಿನಗಳಲ್ಲಿ ಕೊಬ್ಬಿನಿಂದ ತಯಾರಾಗುವ ಇಂಧನವಾದ ಕೀಟೋನ್‌ಗೆ ಹೊರಳಿ ಸ್ನಾಯು ಉಳಿಸಿಕೊಳ್ಳುತ್ತದೆ. ತೀವ್ರ ಸೋಂಕಿನಲ್ಲಿ ಆ ಉಳಿತಾಯ ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ಕಾಣುವ 250 mg/dL ಶುಗರ್ ಮತ್ತು ತೆಳ್ಳಗಾದ ತೊಡೆ, ಎರಡಕ್ಕೂ ಮೂಲ ಒಂದೇ. ಶುಗರ್ ಇದೆ ಅಂತ ಊಟ ಕಡಿಮೆ ಮಾಡಿಸುವುದು ಇನ್ನೂ ದೊಡ್ಡ ತಪ್ಪು. ಕಿಡ್ನಿ ತೊಂದರೆ ಇಲ್ಲದವರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, 60 ಕೆ.ಜಿ.ಯವರಿಗೆ 72ರಿಂದ 90 ಗ್ರಾಂ.

ಇದರ ಮೇಲೆ ಉರಿಯೂತ ಇಳಿಸಲು ಕೊಡುವ ಸ್ಟಿರಾಯ್ಡ್. ಬೆಳಿಗ್ಗೆ ಕೊಟ್ಟ ಡೋಸಿಗೆ ಮಧ್ಯಾಹ್ನ, ಸಂಜೆ ಶುಗರ್ ಏರುತ್ತದೆ. ಖಾಲಿ ಹೊಟ್ಟೆಯದ್ದು ಮಾತ್ರ ನೋಡಿದರೆ ಎಲ್ಲಾ ಸರಿಯಿದೆ ಅನ್ನಿಸುತ್ತದೆ. ಊಟ ಮಾಡುವವರಿಗೆ ಪ್ರತಿ ಊಟಕ್ಕೆ ಮುಂಚೆ ಮತ್ತು ಮಲಗುವಾಗ, ಟ್ಯೂಬ್ ಫೀಡ್ ಇದ್ದವರಿಗೆ 4ರಿಂದ 6 ಗಂಟೆಗೊಮ್ಮೆ ನೋಡಬೇಕು. ಗುರಿ ಸಾಮಾನ್ಯವಾಗಿ 140–180 mg/dL. ಇನ್ನೂ ಇಳಿಸಿದರೆ ಒಳ್ಳೆಯದಲ್ಲವೇ? ಅಲ್ಲ. 2009ರ ನೈಸ್-ಶುಗರ್ ಅಧ್ಯಯನದಲ್ಲಿ ಐಸಿಯು ರೋಗಿಗಳ ಶುಗರನ್ನು 81–108ಕ್ಕೆ ಹಿಡಿದಾಗ ಸಾವು ಹೆಚ್ಚಾಯಿತು. ಸ್ಟಿರಾಯ್ಡ್ ಡೋಸ್ ಇಳಿಸಿದಾಗ ಶುಗರಿಗಾಗಿ ಕೊಡುತ್ತಿದ್ದ ಇನ್ಸುಲಿನ್ ಕೂಡ ಇಳಿಸಬೇಕು. ಮರೆತರೆ ಶುಗರ್ ತೀರಾ ಇಳಿದು ರೋಗಿ ರಾತ್ರಿ ಬೆವರಿ ಪ್ರಜ್ಞೆ ತಪ್ಪಬಹುದು.

"ಜ್ವರ ಬಿಟ್ಟರೆ ಶುಗರೂ ತಾನಾಗೇ ಇಳಿಯುತ್ತೆ" ಅನ್ನುವವರಿದ್ದಾರೆ. ಕೆಲವರಿಗೆ ನಿಜ. ಆದರೆ ಯಾರಿಗೆ ಅಂತ ಹೇಗೆ ಗೊತ್ತಾಗಬೇಕು? ಅಡ್ಮಿಟ್ ಆದಾಗಲೇ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ ಮಾಡಿಸಿ. 6.5% ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಹಿಂದಿನಿಂದಲೂ ಇತ್ತು, ಜ್ವರ ಬಯಲಿಗೆ ತಂದಿತು ಅಷ್ಟೆ. ರೋಗಿಗೆ ರಕ್ತ ಏರಿಸುವುದಿದ್ದರೆ ಅದಕ್ಕೂ ಮೊದಲೇ ಸ್ಯಾಂಪಲ್ ತೆಗೆಯಿರಿ. ಆಮೇಲಿನ ಅಂಕಿ ನಂಬುವಂತಿಲ್ಲ. 6.5ಕ್ಕಿಂತ ಕಡಿಮೆ ಬಂದರೂ, ಸ್ಟಿರಾಯ್ಡ್ ನಿಂತ ಮೇಲೆ, 6ರಿಂದ 12 ವಾರದೊಳಗೆ ಇನ್ನೊಮ್ಮೆ ಶುಗರ್ ನೋಡಿಸಲೇಬೇಕು. ಆ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.