ಕಿಟಕಿ ತೆರೆದಿಡಿ, ನೀಲಿ ಲೈಟು ಹಚ್ಚಿ

ಕೊಡಗಿನ ಅತಿಥಿ ಸತ್ಕಾರಕ್ಕೆ ಈಚೆಗೆ ಹೊಸ ಪಂಕ್ತಿಯೊಂದು ಸೇರಿದೆ. ಬೆಂಗಳೂರಿನಿಂದ ಬಂದವರಿಗೆ ಪಂದಿಕರಿ, ಕಡಂಬುಟ್ಟು. ತೋಟದಿಂದ ಬಂದವರಿಗೆ ನೀಲಿ ಲೈಟು. ಈ ಎರಡನೆಯವರಿಗೆ ಆರಾರು ಕಾಲು. ಬುಕಿಂಗ್ ಬೇಡ, ಅಡ್ವಾನ್ಸ್ ಬೇಡ, ಚೆಕ್‌ಔಟ್ ಅಂತೂ ಇಲ್ಲವೇ ಇಲ್ಲ.

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಎಲ್ಲಿಗೇ ಹೋಗಿ. ಬೇಕರಿ, ಹೋಟೆಲು, ಹೋಂಸ್ಟೇ, ಕಲ್ಯಾಣ ಮಂಟಪದ ಗೋಡೆಯ ಮೇಲೆ ಹುಳ ಸುಡುವ ಒಂದು ಡಬ್ಬ, ಒಳಗೆ ಎರಡು ನೀಲಿ ಟ್ಯೂಬು, ಮುಂದೆ ಕರೆಂಟು ಹರಿಸಿದ ತಂತಿಯ ಜಾಲರಿ. ಆಗಾಗ ‘ಚಟ್’. ಆ ಸದ್ದು ಕೇಳಿದ ಕೂಡಲೇ ಗಲ್ಲಾದಲ್ಲಿ ಕೂತವರ ಮುಖದ ಮೇಲೆ ನೆಮ್ಮದಿ. ಒಂದು ಸೊಳ್ಳೆ ಕಮ್ಮಿಯಾಯಿತು ಎಂದು ಲೆಕ್ಕ. ಸತ್ತದ್ದು ಯಾರು ಅಂತ ಕೆಳಗಿನ ಟ್ರೇ ಎಳೆದು ನೋಡುವ ಕೆಟ್ಟ ಅಭ್ಯಾಸ ಯಾರಿಗೂ ಇಲ್ಲ.

ಆ ಕೆಟ್ಟ ಅಭ್ಯಾಸವಿದ್ದ ಇಬ್ಬರು ಅಮೆರಿಕದಲ್ಲಿದ್ದರು. ಡೆಲವೇರ್ ವಿಶ್ವವಿದ್ಯಾಲಯದ ತಿಮೊಥಿ ಫ್ರಿಕ್ ಮತ್ತು ಡಗ್ಲಸ್ ಟ್ಯಾಲಮಿ. ಮನೆಯಂಗಳಗಳಲ್ಲಿ ತೂಗುಹಾಕಿದ್ದ ಇಂಥ ಯಂತ್ರಗಳಲ್ಲಿ ಸುಟ್ಟುಬಿದ್ದ ಹುಳಗಳನ್ನು ಕೂತು ಎಣಿಸಿ, 1996ರಲ್ಲಿ ಲೆಕ್ಕ ಒಪ್ಪಿಸಿದರು. ಒಟ್ಟು ಹೆಣ 13,789. ಅದರಲ್ಲಿ ಕಚ್ಚುವ ಜಾತಿಯವು 31. ನೂರಕ್ಕೆ ಕಾಲು ಕೂಡ ಆಗಲಿಲ್ಲ. ಬೆಳೆ ತಿನ್ನುವ ಹುಳಗಳನ್ನು ತಿಂದೋ, ಅವುಗಳ ಮೈಯಲ್ಲಿ ಮೊಟ್ಟೆಯಿಟ್ಟೋ ರೈತನಿಗೆ ಪುಕ್ಕಟೆ ದುಡಿಯುವ ಕೀಟಗಳು 1,868. ಅರ್ಧಕ್ಕೆ ಹತ್ತಿರ ಹತ್ತಿರ, ಹೊಳೆಯಲ್ಲಿ ಹುಟ್ಟಿ ಯಾರ ತಂಟೆಗೂ ಹೋಗದ ಬಡಪಾಯಿಗಳು. ಅಲ್ಲಿ ಹೊಳೆ ಹತ್ತಿರದಲ್ಲಿತ್ತು, ಅದಕ್ಕೆ ಹಾಗೆ ಅನ್ನಬಹುದು. ನಮ್ಮಲ್ಲಿ ಹೊಳೆ, ತೋಡು, ಗದ್ದೆ ಯಾವುದೂ ಇಲ್ಲವಲ್ಲ!

ಸೊಳ್ಳೆಗೆ ದೀಪದ ಮೋಹ ಕಡಿಮೆ. ಕಚ್ಚುವುದು ಹೆಣ್ಣು, ಅವಳಿಗೆ ಬೇಕಾದದ್ದು ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಬೆವರಿನ ವಾಸನೆ. ಈ ಮೂರರಲ್ಲಿ ಒಂದನ್ನೂ ನೀಲಿ ಟ್ಯೂಬು ಕೊಡುವುದಿಲ್ಲ. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಮನುಷ್ಯ ಮೂರನ್ನೂ ಕೊಡುತ್ತಾನೆ. ಹೀಗಾಗಿ ಚಟ್ ಎಂದು ಪತಂಗ ಸಾಯುವಾಗ ಪಟ್ ಎಂದು ಕಾಲಿಗೆ ಬಾರಿಸಿಕೊಳ್ಳುವ ಸದ್ದೂ ಕೇಳುತ್ತದೆ. ಎರಡೂ ಒಟ್ಟಿಗೆ ಕೇಳಿಸಿದರೆ ಯಂತ್ರ ಕಂಪನಿ ಹೇಳಿದಂತೆಯೇ ನಡೆಯುತ್ತಿದೆ ಎಂದು ತಿಳಿಯಿರಿ.

ನೊಣದ ಮಾತು ಬೇರೆ. 365 ನ್ಯಾನೋಮೀಟರ್ ಆಸುಪಾಸಿನ ಅತಿನೇರಳೆ ಬೆಳಕು ನೊಣದ ಕಣ್ಣಿಗೆ ಚೆನ್ನಾಗಿ ಬೀಳುತ್ತದೆ, ಅದು ಆ ಕಡೆ ಹಾರುತ್ತದೆ. ಮುಚ್ಚಿದ ಕೋಣೆಯಲ್ಲಿ, ತಕ್ಕ ಜಾಗದಲ್ಲಿ ಹಾಕಿದರೆ ಈ ಡಬ್ಬ ದಂಡವಲ್ಲ. ತಕ್ಕ ಜಾಗವೆಂದರೆ ನೆಲದಿಂದ ಐದಾರು ಅಡಿ ಎತ್ತರ, ನೊಣ ಓಡಾಡುವ ಮಟ್ಟ. ಕಿಟಕಿಯ ಪಕ್ಕ ಬೇಡ. ಹಗಲ ಬೆಳಕಿನ ಮುಂದೆ 15 ವ್ಯಾಟಿನ ಎರಡು ಟ್ಯೂಬು ಮಂಕಾಗುತ್ತವೆ. ಹೊರಗಿನಿಂದ ಕಾಣಬಾರದು. ಫ್ಯಾನಿನ ಗಾಳಿ ನೇರ ಹೊಡೆಯಬಾರದು. ತೆರೆದಿಟ್ಟ ತಿಂಡಿಯಿಂದ, ಅಡುಗೆ ಕಟ್ಟೆಯಿಂದ ಕನಿಷ್ಠ ಐದಾರು ಅಡಿ ದೂರವಿರಬೇಕು. ಅದರ ಮೇಲಂತೂ ಬರಲೇಬಾರದು. ಈ ನಿಯಮಗಳನ್ನು ನಮ್ಮವರು ಓದಿಕೊಂಡಿದ್ದಾರೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಒಂದನ್ನೂ ಬಿಡದೆ ಮುರಿದಿದ್ದಾರೆ. ಓದದೆ ಇಷ್ಟು ಕರಾರುವಾಕ್ಕಾಗಿ ತಪ್ಪಲು ಸಾಧ್ಯವಿಲ್ಲ.

ಬೇಕರಿಯಲ್ಲಿ ಅದನ್ನು ತೂಗುಹಾಕುವುದು ಸರಿಯಾಗಿ ಪಫ್ಸ್ ಟ್ರೇಯ ಮೇಲೆ. ಕೇಳಿದರೆ, “ನೊಣ ಅಲ್ಲಿಗೇ ಅಲ್ವಾ ಸಾರ್ ಬರೋದು?” ತರ್ಕ ಅಲ್ಲಾಡಿಸುವ ಹಾಗಿಲ್ಲ. ಜಾಲರಿಯ ತಂತಿಗಳ ನಡುವೆ ಸಾವಿರಾರು ವೋಲ್ಟ್ ಇರುತ್ತದೆ; ನೊಣ ಎರಡು ತಂತಿಗೂ ಮೈ ತಾಗಿಸಿದ ಕ್ಷಣ ಅದರ ಒಳಗಿನ ನೀರು ಕುದಿದು ಮೈ ಸಿಡಿಯುತ್ತದೆ. ಇಡೀ ನೊಣ ಟ್ರೇಗೆ ಬೀಳುವುದಿಲ್ಲ. ಕಾಲು, ರೆಕ್ಕೆಯ ಚೂರು, ಹೊಟ್ಟೆಯಲ್ಲಿದ್ದದ್ದು ಎಲ್ಲ ಪುಡಿಯಾಗಿ ಸುತ್ತ ಹಾರುತ್ತವೆ. ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಅರ್ಬನ್ ಮತ್ತು ಆಲ್ಬರ್ಟೊ ಬ್ರೋಸ್ ನೊಣಗಳಿಗೆ ಬ್ಯಾಕ್ಟೀರಿಯಾ, ವೈರಸ್ ಹಚ್ಚಿ ಇಂಥ ಯಂತ್ರಕ್ಕೆ ಬಿಟ್ಟು ನೋಡಿದರು. ಸುಡುವಾಗ ಅವು ಗಾಳಿಗೆ ಸೇರುತ್ತವೆ, ಮೈಮೇಲೆ ಅಂಟಿಕೊಂಡವು ಹೆಚ್ಚು, ಎಂದು 2000ರಲ್ಲಿ ಬರೆದರು. ಅಮೆರಿಕದ ಫುಡ್ ಕೋಡ್ ಕೂಡ ಅಡುಗೆ ತಯಾರಿಸುವ ಜಾಗದ ಮೇಲೆ ಇದನ್ನು ಹಾಕಬಾರದು ಎನ್ನುತ್ತದೆ. ಅಂದರೆ ನೊಣ ಬಂದು ಪಫ್ಸಿನ ಮೇಲೆ ಕೂತರೆ ಗಿರಾಕಿ ಜಗಳ ತೆಗೆಯುತ್ತಾನೆ. ಅದೇ ನೊಣವನ್ನು ಹುರಿದು, ಪುಡಿಮಾಡಿ, ಸಮವಾಗಿ ಉದುರಿಸಿದರೆ ‘ಭಾರಿ ನೀಟು ಅಂಗಡಿ’ ಎನ್ನುತ್ತಾನೆ.

ಅಡುಗೆಮನೆಗೆಂದೇ ಅಂಟುಹಲಗೆಯ ಡಬ್ಬ ಸಿಗುತ್ತದೆ. ಅದೇ ಟ್ಯೂಬು, ಜಾಲರಿಯ ಬದಲು ಅಂಟು ಬಳಿದ ರಟ್ಟು. ನೊಣ ಹೋಗಿ ಅಂಟಿಕೊಳ್ಳುತ್ತದೆ, ಸಿಡಿಯುವುದಿಲ್ಲ, ತಿಂಗಳಿಗೊಮ್ಮೆಯೋ ರಟ್ಟು ತುಂಬಿದಾಗಲೋ ಬದಲಿಸಿದರಾಯಿತು. ಇದರ ದೋಷ ಒಂದೇ: ಸದ್ದು ಮಾಡುವುದಿಲ್ಲ. ಸದ್ದು ಮಾಡದೆ ಕೆಲಸ ಮಾಡುವವರಿಗೆ ನಮ್ಮಲ್ಲಿ ಎಂದು ತಾನೆ ಮರ್ಯಾದೆ ಸಿಕ್ಕಿದೆ?

ಹೋಂಸ್ಟೇಗಳದ್ದು ಇನ್ನೊಂದು ದರ್ಜೆ. ‘ಕಾಡಿನ ಮಡಿಲಲ್ಲಿ, ಪ್ರಕೃತಿಯ ಜೊತೆ’ ಎಂದು ಬೋರ್ಡು. ಪ್ರಕೃತಿಯ ಜೊತೆ ಇರಲು ಹಣ ಕೊಟ್ಟು ಬಂದವರು ಬಾಲ್ಕನಿಯಲ್ಲಿ ಹುಳ ಕಂಡು ಎರಡು ಸ್ಟಾರ್ ಕೊಟ್ಟು ಹೋಗುತ್ತಾರೆ. ಮಾಲೀಕರು ಹೆದರಿ ನೀಲಿ ಲೈಟು ತರುತ್ತಾರೆ, ತೋಟಕ್ಕೆ ಮುಖ ಮಾಡಿ, ಗಾಜಿನ ಗೋಡೆಯ ಪಕ್ಕ, ಊಟದ ಮೇಜಿನ ತಲೆಯ ಮೇಲೆ ನೇತುಹಾಕುತ್ತಾರೆ. ಅಲ್ಲಿಯವರೆಗೆ ಸಿಲ್ವರ್ ಓಕ್ ಮರಗಳ ಮಧ್ಯೆ ತಮ್ಮ ಪಾಡಿಗೆ ತಾವಿದ್ದ ಜೀವಿಗಳಿಗೆಲ್ಲ ಅಂದು ರಾತ್ರಿ ಸುದ್ದಿ ಮುಟ್ಟುತ್ತದೆ. ಬಾಗಿಲು ತೆರೆದಿರುತ್ತದೆ, ಮಂಜು ನೋಡಬೇಕಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಿದ್ದು ರೊಬಸ್ಟಾ ಕಾಫಿ ಅರಳಿದಾಗ ಇದರ ಸೊಗಸು ಇನ್ನೂ ಹೆಚ್ಚು. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಗಿಡವಲ್ಲ, ಗಾಳಿ ಬೇಕು, ಜೇನು ಬೇಕು. ಹೆಜ್ಜೇನಿಗೋ ರಾತ್ರಿ ದೀಪ ಕಂಡರೆ ತಡೆಯಲಾಗದು. ಹಗಲು ಜೇನಿಗಾಗಿ ಕೈಮುಗಿದು, ರಾತ್ರಿ ಅದನ್ನೇ ಸುಟ್ಟು, ಡಿಸೆಂಬರಿನಲ್ಲಿ ‘ಈ ಸಲ ಫಸಲು ಯಾಕೋ ಕಮ್ಮಿ’ ಎಂದು ಹವಾಮಾನಕ್ಕೆ ಬೈಯುವುದು ಸಂಪೂರ್ಣ ಕೃಷಿ ಪದ್ಧತಿ. ಬಾಲ್ಕನಿಯ ಬಿಳಿ ಬಲ್ಬು ತೆಗೆದು ಹಳದಿ ಛಾಯೆಯ ಎಲ್‌ಇಡಿ ಹಾಕಿದರೆ ಬರುವ ಹುಳವೇ ಕಮ್ಮಿಯಾಗುತ್ತದೆ. ಆದರೆ ಫೋಟೋದಲ್ಲಿ ನೀಲಿ ಚೆನ್ನಾಗಿ ಬರುತ್ತದೆ.

ಟ್ಯೂಬಿನ ವಿಷಯದಲ್ಲಿ ನಮ್ಮ ಭಕ್ತಿಗೆ ಸಾಟಿಯಿಲ್ಲ. ನೀಲಿ ಉರಿಯುತ್ತಿದ್ದರೆ ಎಲ್ಲ ಸರಿ ಎಂದು ನಂಬಿಕೆ. ನಮಗೆ ಕಾಣುವ ನೀಲಿ ನೊಣಕ್ಕೆ ಬೇಕಾದದ್ದಲ್ಲ. ಅದಕ್ಕೆ ಬೇಕಾದದ್ದು ನಮಗೆ ಕಾಣುವುದಿಲ್ಲ. ಟ್ಯೂಬಿನ ಒಳಬದಿಯ ಲೇಪ ಸವೆದಂತೆ ಅತಿನೇರಳೆ ಇಳಿಯುತ್ತ ಹೋಗುತ್ತದೆ, ನೀಲಿ ಮಾತ್ರ ಹಾಗೇ ನಗುತ್ತಿರುತ್ತದೆ. ಸುಮಾರು 8,000 ಗಂಟೆಗೆ ಟ್ಯೂಬು ಬದಲಿಸಬೇಕು. ಹಗಲೂ ರಾತ್ರಿ ಉರಿಸಿದರೆ ಅದು ಹನ್ನೊಂದು ತಿಂಗಳು. ಹಾಕಿದ ತಾರೀಕನ್ನು ಟ್ಯೂಬಿನ ತುದಿಯಲ್ಲಿ ಮಾರ್ಕರಿನಿಂದ ಬರೆದರೆ ಸಾಕು. ನಮ್ಮಲ್ಲಿ ಟ್ಯೂಬು ಬದಲಾಗುವುದು ಪೂರ್ತಿ ಸತ್ತ ಮೇಲೆ, ಅದೂ ದಸರಾ ಮಂಟಪಕ್ಕೆ ತಂದು ಉಳಿದ ನೀಲಿ ಎಲ್‌ಇಡಿಯಿಂದ. ಆಮೇಲೆ ಆ ಡಬ್ಬ ಮೊದಲಿನಷ್ಟು ಹುಳ ಕರೆಯುವುದಿಲ್ಲ. ಇಡೀ ಜಿಲ್ಲೆಯಲ್ಲಿ ನಿರುಪದ್ರವಿ ಎನ್ನಬಹುದಾದ ಯಂತ್ರಗಳೆಂದರೆ ಇವೇ. ಕರೆಂಟು ಮಾತ್ರ ತಪ್ಪುವುದಿಲ್ಲ: ಎರಡು ಟ್ಯೂಬು, ಚೋಕು, ಟ್ರಾನ್ಸ್‌ಫಾರ್ಮರ್ ಸೇರಿ 40 ವ್ಯಾಟ್ ಎಂದಿಟ್ಟುಕೊಂಡರೆ ಇಡೀ ದಿನಕ್ಕೆ ಹತ್ತಿರ ಹತ್ತಿರ ಒಂದು ಯೂನಿಟ್.

ನಿಜವಾದ ಹಬ್ಬ ಮುಂಗಾರಿಗೆ ಮುಂಚಿನ ಮಳೆ ಬಿದ್ದ ಸಂಜೆ. ಕತ್ತಲಾಗುತ್ತಿದ್ದಂತೆ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ನೆಲ ಬಿಟ್ಟು ಏಳುತ್ತದೆ. ತಿಳಿದವರ ಮನೆಯಲ್ಲಿ ಒಳಗಿನ ದೀಪವೆಲ್ಲ ಆರಿಸಿ, ಹೊರಗೆ ಒಂದು ಬಲ್ಬು ಉರಿಸಿ, ಅದರಡಿ ನೀರಿನ ಬೇಸಿನ್ ಇಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಗದ್ದಲ ಮುಗಿಯುತ್ತದೆ. ನೀಲಿ ಲೈಟಿನ ಮನೆಯಲ್ಲಿ ಆ ಸಂಜೆಯೇ ಸ್ವಿಚ್ಚು ಹಾಕುತ್ತಾರೆ, ಇಂದಲ್ಲದೆ ಇನ್ನೆಂದು ಎಂದು. ಮೊದಲ ಹತ್ತು ನಿಮಿಷ ಪಟಾಕಿ. ಬಳಿಕ ಹೆಣಗಳು ತಂತಿಗಳ ನಡುವೆ ಸಿಕ್ಕಿಕೊಂಡು ಕರಿಯಾಗಿ, ತೇವದ ಗಾಳಿಯೂ ಸೇರಿ, ಕಿಡಿ ನಿಲ್ಲದೆ ‘ಜೂಂ’ ಎನ್ನತೊಡಗುತ್ತದೆ. ವೋಲ್ಟೇಜ್ ಬಿದ್ದುಹೋಗುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿಯೇರುತ್ತದೆ, ಕೂದಲು ಸುಟ್ಟ ವಾಸನೆ ಹರಡುತ್ತದೆ. ಉಳಿದ ಈಸಲು ಜಾಲರಿಯ ಮೇಲೆ ನಡೆದಾಡಿ, ರೆಕ್ಕೆ ಉದುರಿಸಿ, ಸಾರಿಗೆ ಇಳಿಯುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಬಿಟ್ಟು, ಒಣ ಬ್ರಶ್ಶಿನಿಂದ ಜಾಲರಿ ಉಜ್ಜಬೇಕು; ವಾರಕ್ಕೊಮ್ಮೆ ಮಾಡಬೇಕಾದ ಕೆಲಸವಿದು. ಒದ್ದೆ ಬಟ್ಟೆಯಿಂದ ಒರೆಸುವವರೂ ಇದ್ದಾರೆ, ದೇವರು ಕಾಪಾಡಲಿ.

ಬಾಳೆಗೊನೆಯ ಸುತ್ತ ಹಾರುವ ಸಣ್ಣ ನೊಣ ತಂತಿಗಳ ನಡುವೆ ಎರಡನ್ನೂ ಮುಟ್ಟದೆ ದಾಟಿ ಹೋಗುವಷ್ಟು ಚಿಕ್ಕದು. ಅದಕ್ಕೆ ಬಟ್ಟಲಲ್ಲಿ ವಿನೆಗರ್, ಎರಡು ಹನಿ ಪಾತ್ರೆ ತೊಳೆಯುವ ಸೋಪು ಸಾಕು. ಪಂದಿಕರಿಗೆ ಹಾಕುವ ಕಚಂಪುಳಿ ದಂಡ ಮಾಡಬೇಡಿ.

ಇಷ್ಟರ ಮಧ್ಯೆ ಸೊಳ್ಳೆ ಬ್ಯಾಟು ಪ್ರಾಮಾಣಿಕ ಸಾಧನ. ಅದು ಯಾರನ್ನೂ ಕರೆಯುವುದಿಲ್ಲ. ನಾವು ಹುಡುಕಿ ಹೊಡೆದವರೇ ಸಾಯುತ್ತಾರೆ. ಆದ್ದರಿಂದಲೇ ಅದಕ್ಕೆ ಮೂರೇ ತಿಂಗಳ ಆಯುಷ್ಯ ಕೊಡುತ್ತೇವೆ. ಹೆಚ್ಚಿನವುಗಳ ಹಿಡಿಯೊಳಗೆ ಇರುವುದು 4 ವೋಲ್ಟಿನ ಸಣ್ಣ ಲೆಡ್-ಆಸಿಡ್ ಬ್ಯಾಟರಿ. ಖಾಲಿಯಾದದ್ದನ್ನು ಹಾಗೇ ಮೂಲೆಗೆ ಎಸೆದರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮುಂದೆ ಎಷ್ಟು ಚಾರ್ಜು ಮಾಡಿದರೂ ಏಳುವುದಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಊರಲ್ಲಿ ಮೇ ಮುಗಿಯುವುದರೊಳಗೆ ಪೂರ್ತಿ ಚಾರ್ಜು ಮಾಡಿಟ್ಟು, ಬಂದಾಗೊಮ್ಮೆ ಪ್ಲಗ್ಗಿಗೆ ಸಿಕ್ಕಿಸಬೇಕು. ಚಾರ್ಜಿನಲ್ಲಿದ್ದಾಗ ಗುಂಡಿ ಒತ್ತಬಾರದು. ಗುಂಡಿ ಬಿಟ್ಟ ಮೇಲೂ ಜಾಲರಿಯಲ್ಲಿ ಕ್ಷಣಕಾಲ ಚಾರ್ಜು ಉಳಿದಿರಬಹುದು, ಬೆರಳು ತೂರಿಸಬೇಡಿ. ಇನ್ನು ಒಂದು ಕೈಯಲ್ಲಿ ಸೊಳ್ಳೆ ಸ್ಪ್ರೇ, ಇನ್ನೊಂದರಲ್ಲಿ ಬ್ಯಾಟು ಹಿಡಿಯುವ ಶೂರರಿದ್ದಾರೆ. ಸ್ಪ್ರೇ ಡಬ್ಬಿಯನ್ನು ಉಗುಳಿಸುವುದು ಹೊತ್ತಿಕೊಳ್ಳುವ ಅನಿಲ, ಬ್ಯಾಟು ಕೊಡುವುದು ಕಿಡಿ.

ಡೆಂಗಿ ಜೋರಾದ ವರ್ಷ ಕಚೇರಿಗಳಿಗೂ ಜ್ಞಾನೋದಯವಾಗುತ್ತದೆ. ‘ಸೊಳ್ಳೆ ನಿಯಂತ್ರಣ ಯಂತ್ರ’ಕ್ಕೆ ಕಡತ ಏಳುತ್ತದೆ, ಸಾಹೇಬರ ಕೋಣೆಯಲ್ಲೊಂದು ಬೆಳಗುತ್ತದೆ. ಡೆಂಗಿ ಹರಡುವ ಏಡಿಸ್ ಸೊಳ್ಳೆ ಕಚ್ಚುವುದು ಹಗಲು, ಕಚೇರಿ ಸಮಯದಲ್ಲೇ. ಈ ಮಟ್ಟಿಗೆ ಅದು ಸಿಬ್ಬಂದಿಗಿಂತ ನಿಯಮಬದ್ಧ. ಅದು ಹುಟ್ಟುವುದು ಹಿಂಬದಿಯ ಜೀಪಿನ ಹಳೆ ಟಯರಿನಲ್ಲಿ, ಟಾರ್ಪಾಲಿನ ಮಡಿಕೆಯಲ್ಲಿ, ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ, ತೋಟದಲ್ಲಾದರೆ ಬಿದ್ದ ಅಡಿಕೆ ಹಾಳೆಯಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಬೇಕು, ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಮುಗಿಯಿತು. ಚೆಲ್ಲುವುದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ, ಅಲ್ಲಿಗೆ ವಿಷಯ ನಿಂತಿತು.

ನೊಣದ ಮೂಲವೂ ಗುಟ್ಟಿನದಲ್ಲ. ಶುಂಠಿ ಗದ್ದೆಗೆ ಇಳಿಸಿ ಮುಚ್ಚದೆ ಬಿಟ್ಟ ಕೋಳಿಗೊಬ್ಬರದ ಲೋಡು, ಕಾಫಿ ಹಣ್ಣು ಸುಲಿಯುವ ಪಲ್ಪರಿನ ಹಿಂದೆ ಕೊಳೆಯುವ ಸಿಪ್ಪೆ, ಹೋಟೆಲಿನ ಹಿಂಬಾಗಿಲ ಬಕೆಟ್ಟು. ಬೆಚ್ಚಗಿನ ದಿನಗಳಲ್ಲಿ ಹತ್ತು ದಿನದೊಳಗೆ ಮೊಟ್ಟೆ ನೊಣವಾಗುತ್ತದೆ. ಬಕೆಟ್ಟಿಗೆ ಮುಚ್ಚಳ ಹಾಕಿ, ದಿನಾ ಖಾಲಿ ಮಾಡಿ, ಗೊಬ್ಬರಕ್ಕೆ ಮಣ್ಣು ಎಳೆದು, ಕಿಟಕಿಗೆ ಇಂಚಿಗೆ 16 ಕಣ್ಣಿನ ಜಾಲರಿ ಬಡಿಸಿದರೆ ಮುಕ್ಕಾಲು ತಾಪತ್ರಯ ಹೊರಗೇ ಉಳಿಯುತ್ತದೆ. ನಮ್ಮ ಮಳೆಗೆ ಸಾದಾ ಕಬ್ಬಿಣದ ಜಾಲರಿ ತುಕ್ಕು ಹಿಡಿಯುತ್ತದೆ, ಅಂಟುಪಟ್ಟಿಯದ್ದು ತೇವಕ್ಕೆ ಕಳಚುತ್ತದೆ. ಫೈಬರ್ ಜಾಲರಿಯನ್ನು ಚೌಕಟ್ಟಿಗೆ ಬಿಗಿದು ಹಾಕಿಸಿ, ಬಾಗಿಲಿಗೆ ತಾನಾಗಿ ಮುಚ್ಚುವ ಸ್ಪ್ರಿಂಗ್ ಕೊಡಿಸಬೇಕು.

ಹೀಗೆ ಹೇಳಿದರೆ ಮಾಲೀಕರಿಂದ ಬರುವ ಪ್ರಶ್ನೆಗೆ ಮಾತ್ರ ಯಾರ ಬಳಿಯೂ ಉತ್ತರವಿಲ್ಲ: “ಜಾಲರಿ ಹಾಕಿದ್ರೆ ಹುಳ ಒಳಗೇ ಬರಲ್ಲ. ಹುಳ ಬರದಿದ್ರೆ ಮಿಷನ್ನು ಚಟ್ ಅನ್ನಲ್ಲ. ಅಷ್ಟು ದುಡ್ಡು ಕೊಟ್ಟು ತಂದಿದ್ದು ಕೆಟ್ಟೋಗಿದೆ ಅಂದ್ಕೊಳ್ಳಲ್ವಾ ಗೆಸ್ಟು?”