ಆನ್‌ರೋಡ್ ಎಷ್ಟಾಯ್ತು ಸಾರ್?

ನಮ್ಮ ಬಡಾವಣೆಯಲ್ಲಿ ಈಗ ಯಾರಿಗೂ ಹೆಸರಿಲ್ಲ. ಕಾರಿದೆ.

ಮೊದಲು ಬ್ಯಾಂಕ್ ರಾಯರು, ಕೆಇಬಿ ಸ್ವಾಮಿಗಳು, ಮೂಲೆಮನೆ ಮೇಷ್ಟ್ರು ಅಂತ ಕರೆಯುತ್ತಿದ್ದರು. ಈಗ ಇನ್ನೋವಾ ಅಂಕಲ್, ಕ್ರೆಟಾ ಆಂಟಿ, ಫಾರ್ಚುನರ್ ಗೌಡ್ರು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ದುಡಿದು, ಅರ್ಧ ಬಡಾವಣೆಗೆ ಮನೆ ಸಾಲ ಮಂಜೂರು ಮಾಡಿಕೊಟ್ಟ ರಾಯರು ಈಗ ಬರೀ ‘ಆ ಹಳೇ ಆಲ್ಟೋ’. ಮಗ ಅಮೆರಿಕದಲ್ಲಿದ್ದಾನೆ ಅನ್ನುವ ಕಾರಣಕ್ಕೆ ಅವರಿಗೆ ಒಂದಿಷ್ಟು ದಿನ ಮರ್ಯಾದೆ ಉಳಿದಿತ್ತು. ಅವನೂ ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಓಡಿಸುತ್ತಾನೆ ಅಂತ ಗೊತ್ತಾದ ಮೇಲೆ ಅದೂ ಹೋಯಿತು. ನನಗಿರುವುದು ಒಂದು ಸ್ಕೂಟರ್. ಹಾಗಾಗಿ ನನ್ನನ್ನು ಯಾರೂ ಕರೆಯುವುದೇ ಇಲ್ಲ. ‘ಸ್ವಲ್ಪ ಗಾಡಿ ತೆಗೀರಿ’ ಅನ್ನುತ್ತಾರೆ, ಅಷ್ಟೇ.

ಹೊಸ ಕಾರು ತಂದವರನ್ನು ಕೇಳಬೇಕಾದ ಪ್ರಶ್ನೆ ಒಂದೇ. ‘ಆನ್‌ರೋಡ್ ಎಷ್ಟಾಯ್ತು ಸಾರ್?’ ಕೇಳದಿದ್ದರೆ ಅವರು ನಾಲ್ಕು ದಿನ ಮಾತು ಬಿಡುತ್ತಾರೆ. ಕೇಳಿದರೂ ಉತ್ತರ ನೇರವಾಗಿ ಬರುವುದಿಲ್ಲ. ಮೊದಲು ಒಂದು ನಿಟ್ಟುಸಿರು. ‘ಅಯ್ಯೋ ಬಿಡಿ ಸಾರ್, ಟ್ಯಾಕ್ಸೇ ತಿಂದುಹಾಕ್ತು.’ ಆಮೇಲೆ ಲೆಕ್ಕ ಶುರು. ದೊಡ್ಡ ಗಾಡಿ ಅಂತ ಜಿಎಸ್‌ಟಿ 40 ಪರ್ಸೆಂಟ್. 20 ಲಕ್ಷ ದಾಟಿತು ಅಂತ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ 18 ಪರ್ಸೆಂಟ್. ಅದರ ಮೇಲೆ ಸೆಸ್. 10 ಲಕ್ಷ ದಾಟಿದ ತಪ್ಪಿಗೆ 1 ಪರ್ಸೆಂಟ್ ಟಿಸಿಎಸ್ ಬೇರೆ, ಅಂದರೆ ಶೋರೂಮಿನವರೇ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ಮುಖ ನೋಡಿದರೆ ಪಾಪ ಅನ್ನಿಸುತ್ತದೆ. ಆದರೆ ಗಮನಿಸಿ, ಕಾರಿನ ಬೆಲೆ ಎಷ್ಟು ಅಂತ ಅವರು ಹೇಳಲೇ ಇಲ್ಲ. ಬರೀ ಪರ್ಸೆಂಟ್ ಹೇಳಿದರು. ಗುಣಾಕಾರ ನಾವು ಮಾಡಿಕೊಳ್ಳಬೇಕು. ಬಡಾವಣೆಯಲ್ಲಿ ಹೆಂಗಸರು ಮಕ್ಕಳಾದಿಯಾಗಿ ಎಲ್ಲರೂ ಗಣಿತದಲ್ಲಿ ಚುರುಕಾಗಿದ್ದು ಹೀಗೆ.

ತೆರಿಗೆ ಕಟ್ಟುವುದೂ ಒಂದು ಯೋಗ ಅಂತ ನನಗೆ ಗೊತ್ತಾಗಿದ್ದು 2025ರ ಜುಲೈನಲ್ಲಿ. ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿ ಬೆಂಗಳೂರಿನಲ್ಲಿ ಓಡಾಡುತ್ತಿತ್ತು. ನಮ್ಮ ಆರ್‌ಟಿಓದವರು ಹಿಡಿದು ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು. ಪೇಪರಿನಲ್ಲಿ ಸುದ್ದಿ ಓದಿ ನಾವು ‘ಅಬ್ಬಾ, ಎಷ್ಟೊಂದು ದುಡ್ಡು’ ಅಂದರೆ, ಫಾರ್ಚುನರ್ ಗೌಡ್ರು ಸುಮಾರು ಹೊತ್ತು ಸುಮ್ಮನಿದ್ದು ಹೇಳಿದರು, ‘ಅಂಥ ಬಾಕಿ ಇಟ್ಕೊಳ್ಳೋಕೂ ಪಡೆದುಕೊಂಡು ಬಂದಿರಬೇಕು.’

ಉಳಿದವರ ಬಾಕಿ ಬ್ಯಾಂಕಿನಲ್ಲಿರುತ್ತದೆ. ಈಗ 84 ತಿಂಗಳ ಕಾರು ಸಾಲ ಸಿಗುತ್ತದೆ. ಅಂದರೆ ಏಳು ವರ್ಷ. ಸಾಡೇಸಾತಿಗಿಂತ ಆರು ತಿಂಗಳು ಕಡಿಮೆ. ಶನಿಯಾದರೂ ಮನೆಗೆ ಬಂದಾಗ ಯಾರೂ ಸಿಹಿ ಹಂಚುವುದಿಲ್ಲ. ಇಲ್ಲಿ ಶೋರೂಮಿನಲ್ಲೇ ಕೇಕ್ ಕತ್ತರಿಸುತ್ತಾರೆ.

ಆ ಶೋರೂಮಿನ ಸಮಾರಂಭ ನೋಡಬೇಕು. ಕಾರಿಗೆ ಕೆಂಪು ಸ್ಯಾಟಿನ್ ಹೊದಿಸಿರುತ್ತಾರೆ. ಮನೆಯವರೆಲ್ಲ ರೇಷ್ಮೆ ಉಟ್ಟು ಬಂದಿರುತ್ತಾರೆ. ಬೀಗರಿಗೂ ಕರೆ ಹೋಗಿರುತ್ತದೆ. ಬೀಗರು ನೋಡದಿದ್ದರೆ ಕಾರು ತಂದು ಏನು ಪ್ರಯೋಜನ? ಮೊಳದುದ್ದದ ರಟ್ಟಿನ ಕೀ ಕೈಗೆ ಕೊಟ್ಟು ಫೋಟೋ ತೆಗೆಯುತ್ತಾರೆ. ಆ ಕೀಯಿಂದ ಯಾವ ಬಾಗಿಲೂ ತೆರೆಯುವುದಿಲ್ಲ. ಫೋಟೋ ಆದ ಮೇಲೆ ಅದನ್ನು ವಾಪಸು ಕೊಟ್ಟು ಬರಬೇಕು, ಮುಂದಿನ ಮನೆಯವರು ಸಾಲಿನಲ್ಲಿ ಕಾಯುತ್ತಿರುತ್ತಾರೆ. ಹುಡುಗಿ ನೋಡುವ ಶಾಸ್ತ್ರಕ್ಕೂ ಮನೆಯ ಯಜಮಾನ ಇಷ್ಟು ನಾಚಿಕೊಂಡು ನಿಂತಿರಲಿಲ್ಲ. ಆ ಫೋಟೋ ಸಂಜೆಯೊಳಗೆ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಬರುತ್ತದೆ. ಕೆಳಗೆ ‘ಕುಟುಂಬಕ್ಕೆ ಹೊಸ ಸದಸ್ಯನ ಆಗಮನ’. ಹಳೆಯ ಸದಸ್ಯರಲ್ಲಿ ಒಬ್ಬರಾದ ಅಜ್ಜಿ ಹಿಂದಿನ ಸೀಟಿನಲ್ಲಿ, ಪ್ಲಾಸ್ಟಿಕ್ ಕವರಿನ ಮೇಲೆ ಬೆವರುತ್ತಾ ಕೂತಿರುತ್ತಾರೆ. ಆ ಕವರ್ ಒಂದು ವರ್ಷ ತೆಗೆಯುವ ಹಾಗಿಲ್ಲ. ತೆಗೆದರೆ ಹೊಸ ಕಾರು ಅಂತ ಜನಕ್ಕೆ ಗೊತ್ತಾಗುವುದು ಹೇಗೆ?

ಅಲ್ಲಿಂದ ನೇರ ದೇವಸ್ಥಾನ. ಇಷ್ಟು ಹೊತ್ತೂ ನಡೆದದ್ದು ಊರಿಗೆಲ್ಲ ಕಾಣಲಿ ಅಂತ. ಈಗ ನಡೆಯುವುದು ಯಾರ ಕಣ್ಣೂ ಬೀಳದಿರಲಿ ಅಂತ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮುಂದೆ ಮೆಣಸಿನಕಾಯಿ ಸರ, ಹಿಂದೆ ಕಪ್ಪು ದಾರ, ಒಳಗಿನ ಕನ್ನಡಿಗೆ ಇನ್ನೊಂದು ತಾಯತ. ಪೂಜೆ ಮುಗಿದು ಮನೆ ಮುಂದೆ ಬಂದ ಮೇಲೆ ರಸ್ತೆ ಮಧ್ಯೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯುತ್ತಾರೆ. ಕಾರಿನ ದೃಷ್ಟಿ ಅಲ್ಲಿಗೆ ಇಳಿಯಿತು. ಮರುದಿನ ನಸುಕಿನಲ್ಲಿ ಹಾಲಿನ ಹುಡುಗ ಅದರ ಮೇಲೆ ಜಾರಿ ಬಿದ್ದಾಗ, ಇಳಿದ ದೃಷ್ಟಿ ಯಾರಿಗೆ ಹತ್ತಿತು ಅನ್ನುವುದೂ ತಿಳಿಯುತ್ತದೆ.

ನಂಬರಿನದು ಬೇರೆಯೇ ಪುರಾಣ. ಆರ್‌ಟಿಓದಲ್ಲಿ ಫ್ಯಾನ್ಸಿ ನಂಬರಿಗೆ ಹರಾಜು ನಡೆಯುತ್ತದೆ. ಕೂಡಿದರೆ 9 ಬರಬೇಕು ಅನ್ನುವವರು ಒಂದು ಪಕ್ಷ, 6 ಬರಬೇಕು ಅನ್ನುವವರು ಇನ್ನೊಂದು ಪಕ್ಷ. ಕೆಂಪು ಗೂಟದ ದೀಪವನ್ನು 2017ರ ಮೇ 1ರಿಂದ ಕೇಂದ್ರ ಸರ್ಕಾರ ತೆಗೆಸಿಹಾಕಿತು. ಮಂತ್ರಿಗಳ ಕಾರಿನಿಂದ ದೀಪ ಹೋಯಿತು, ನಮ್ಮ ರಸ್ತೆಯವರ ಕಾರಿಗೆ ಬೋರ್ಡು ಬಂತು. ನಂಬರ್ ಪ್ಲೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ರಾಜ್ಯಾಧ್ಯಕ್ಷರು’. ಯಾವುದರ ಅಧ್ಯಕ್ಷರು ಅನ್ನುವುದು ಕೆಳಗೆ ಇರುವೆ ಸಾಲಿನಷ್ಟು ಸಣ್ಣದಾಗಿರುತ್ತದೆ. ಓದಬೇಕೆಂದರೆ ಕಾರಿಗೆ ಢಿಕ್ಕಿ ಹೊಡೆಯುವಷ್ಟು ಹತ್ತಿರ ಹೋಗಬೇಕು.

ಇನ್ನು ಗಾತ್ರ. ನಮ್ಮಲ್ಲಿ ಹೆಚ್ಚಿನವು 20x30 ಸೈಟು. ಇಪ್ಪತ್ತು ಅಡಿ ಅಂದರೆ ಆರು ಮೀಟರ್. ಫಾರ್ಚುನರ್ ಉದ್ದ 4,795 ಮಿಲಿಮೀಟರ್, ಹತ್ತತ್ತಿರ ಹದಿನಾರು ಅಡಿ. ಮನೆ ಅಗಲದಲ್ಲಿ ಉಳಿದದ್ದು ನಾಲ್ಕೇ ಅಡಿ, ಅದರಲ್ಲಿ ಮೆಟ್ಟಿಲು, ಸಂಪು, ಚಪ್ಪಲಿ ಸ್ಟ್ಯಾಂಡು. ಗೌಡ್ರ ಮನೆಯಲ್ಲಿ ತುಳಸಿಕಟ್ಟೆ ಟೆರೇಸಿಗೆ ಹೋಯಿತು. ಗೇಟು ಮುಚ್ಚುವುದಿಲ್ಲ ಅಂತ ಅದನ್ನೂ ಕಿತ್ತು ರಸ್ತೆಯ ಕಡೆಗೆ ಹೊಟ್ಟೆ ಬಂದ ಹಾಗೆ ಹೊಸ ಗೇಟು ಮಾಡಿಸಿದರು. ಅಷ್ಟಾದರೂ ಕಾರಿನ ಮೂತಿ ಹೊರಗೇ ಇದೆ. ಅದು ಲೆಕ್ಕ ತಪ್ಪಿ ಆದದ್ದು ಅಂತ ನಾನು ತಿಳಿದಿದ್ದೆ. ‘ಪೂರ್ತಿ ಒಳಗೆ ಹೋದ್ರೆ ಯಾರಿಗೆ ಕಾಣ್ಸುತ್ತೆ?’ ಅಂತ ಅವರೇ ಕೇಳಿದರು.

ಅಷ್ಟು ದುಡ್ಡಿಲ್ಲದವರಿಗೆ ನಾಲ್ಕು ಮೀಟರಿನ ಒಳಗಿನ ಎಸ್‌ಯುವಿಗಳಿವೆ. ಇದು ನಮ್ಮ ದೇಶದ ಅಪ್ಪಟ ಆವಿಷ್ಕಾರ. ಕಾರಿನ ಉದ್ದ ನಾಲ್ಕು ಮೀಟರಿಗಿಂತ ಹೆಚ್ಚಿರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ದಾಟಬಾರದು. ಆಗ ಅದು ಸರ್ಕಾರದ ಲೆಕ್ಕದಲ್ಲಿ ಚಿಕ್ಕ ಕಾರು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ ಬರೀ 18 ಪರ್ಸೆಂಟ್. ಅದಕ್ಕೇ ನೆಕ್ಸಾನ್, ವೆನ್ಯೂ ಎರಡರ ಉದ್ದವೂ ಸರಿಯಾಗಿ 3,995 ಮಿಲಿಮೀಟರ್. ಐದು ಮಿಲಿಮೀಟರ್ ಬಿಟ್ಟುಕೊಟ್ಟು ಸರ್ಕಾರದ ಮುಂದೆ ‘ನಾನು ಚಿಕ್ಕವನು ಸ್ವಾಮಿ’ ಅನ್ನುವುದು, ಎತ್ತರ ಏರಿಸಿಕೊಂಡು ಪಕ್ಕದ ಮನೆಯವರ ಮುಂದೆ ‘ನಾನು ದೊಡ್ಡವನು ನೋಡ್ರೀ’ ಅನ್ನುವುದು. ಎರಡು ಕಡೆಯೂ ನಂಬುತ್ತಾರೆ. ಇದಕ್ಕಿಂತ ಜಾಣ ವ್ಯವಸ್ಥೆ ನಾನು ನೋಡಿಲ್ಲ.

ಸನ್‌ರೂಫ್ ಬಗ್ಗೆ ಹೇಳದಿದ್ದರೆ ಕ್ರೆಟಾ ಆಂಟಿ ಬೇಜಾರು ಮಾಡಿಕೊಳ್ಳುತ್ತಾರೆ. ‘ಪನೋರಾಮಿಕ್’ ಅನ್ನುವಾಗ ಅವರು ಎರಡೂ ಕೈ ಅಗಲಿಸುತ್ತಾರೆ. ಅವರ ಮನೆಯ ಕಿಟಕಿಗಳೆಲ್ಲ ಪಕ್ಕದವರ ಗೋಡೆಗೆ ತೆರೆಯುತ್ತವೆ. ಹಗಲಲ್ಲೂ ಲೈಟ್ ಹಾಕಬೇಕು. ಆಕಾಶ ನೋಡಬೇಕೆಂದರೆ ಇಡೀ ಮನೆಮಂದಿ ಕೆಳಗಿಳಿದು ಕಾರಿನಲ್ಲಿ ಕೂರಬೇಕು. ಕೂತರೆ ಬಿಸಿಲು. ಅದಕ್ಕೆ ಆನ್‌ಲೈನಿನಲ್ಲಿ ಸನ್‌ರೂಫಿಗೆ ಹಾಕುವ ಪರದೆ ತರಿಸಿದ್ದಾರೆ. ತಿಂಗಳಿಗೊಮ್ಮೆ ಪರದೆ ಸರಿಸಿ, ಮಗನನ್ನು ಅದರಲ್ಲಿ ನಿಲ್ಲಿಸಿಕೊಂಡು ಬಡಾವಣೆ ಸುತ್ತು ಹಾಕುತ್ತಾರೆ. ಬ್ರೇಕ್ ಹಾಕಿದರೆ ಹುಡುಗನ ಗತಿ ಏನು ಅಂತ ಕೇಳಿದವರು ಹೊಟ್ಟೆಕಿಚ್ಚಿನವರು.

ವೇಗದ ವಿಷಯ ಬೇಗ ಮುಗಿಸಬಹುದು. ಇನ್ನೋವಾ ಅಂಕಲ್ ಸಿಕ್ಕಾಗೆಲ್ಲ ‘ಪಿಕಪ್ ನೋಡ್ಬೇಕು ಸಾರ್, ಬಾಣ!’ ಅನ್ನುತ್ತಾರೆ. ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಅಂದರೆ ಗಂಟೆಗೆ ಹದಿನೇಳು ಹದಿನೆಂಟು ಕಿಲೋಮೀಟರ್. ಬಾಣ ಒಂದು ಹಂಪಿನಿಂದ ಇನ್ನೊಂದು ಹಂಪಿಗೆ ಹೋಗಿ ನಾಟುತ್ತದೆ.

ಅದೂ ಯಾವತ್ತೋ ಹೊರಗೆ ತೆಗೆದಾಗ. ನಿಜ ಹೇಳಬೇಕೆಂದರೆ ನಮ್ಮ ಬಡಾವಣೆಯ ಕಾರುಗಳು ಎಲ್ಲಿಗೂ ಹೋಗುವುದಿಲ್ಲ. ಹೋಗುವ ಹಾಗಿಲ್ಲ. ಹೋದರೆ ಜಾಗ ಹೋಗುತ್ತದೆ. ಮನೆ ಕಟ್ಟುವಾಗ ಪ್ಲ್ಯಾನಿನಲ್ಲಿ ಕೆಳಗಡೆ ಪಾರ್ಕಿಂಗ್ ಅಂತಲೇ ತೋರಿಸಿದ್ದರು. ಆಮೇಲೆ ಅಲ್ಲಿ ಒಂದು ರೂಮು ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಬಾಡಿಗೆ ದುಡ್ಡು ಕಾರಿನ ಕಂತಿಗೆ ಹೋಗುತ್ತದೆ. ಕಾರಿನ ಜಾಗದಲ್ಲಿ ಮನುಷ್ಯರಿದ್ದಾರೆ, ಮನುಷ್ಯರು ನಡೆಯುವ ಜಾಗದಲ್ಲಿ ಕಾರಿದೆ. ಬಾಡಿಗೆಗೆ ಬಂದ ಹುಡುಗನೂ ಹೋದ ತಿಂಗಳು ಒಂದು ಕಾರು ತಂದ.

ಹಾಗಾಗಿ ಬೆಳಿಗ್ಗೆ ಆಫೀಸಿನ ಹೊತ್ತಿಗೆ ನಮ್ಮ ರಸ್ತೆಯಲ್ಲಿ ನಿಂತರೆ ಒಂದು ವಿಚಿತ್ರ ಕಾಣುತ್ತದೆ. ಇನ್ನೋವಾ ಅಂಕಲ್ ಹೊರಗೆ ಬಂದು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ರಿಮೋಟ್ ಒತ್ತಿ ಟುಂಯ್ ಟುಂಯ್ ಅನ್ನಿಸಿ, ಲಾಕ್ ಆಗಿದೆ ಅಂತ ಖಾತ್ರಿ ಮಾಡಿಕೊಂಡು, ಆಟೋ ಹತ್ತಿ ಮೆಟ್ರೋ ಸ್ಟೇಷನ್ನಿಗೆ ಹೋಗುತ್ತಾರೆ. ಅದೇ ಆಟೋ ವಾಪಸು ಬಂದು ಫಾರ್ಚುನರ್ ಗೌಡ್ರನ್ನು ಕರೆದುಕೊಂಡು ಹೋಗುತ್ತದೆ. ಇಡೀ ಬಡಾವಣೆಯಲ್ಲಿ ದಿನಾ ಓಡುವ ನಾಲ್ಕು ಚಕ್ರದ ಗಾಡಿ ಕಸದ ಟೆಂಪೋ ಒಂದೇ. ಅದಕ್ಕೂ ಈಗ ಒಳಗೆ ಬರಲು ದಾರಿಯಿಲ್ಲ. ರಸ್ತೆಯ ಬಾಯಲ್ಲೇ ನಿಂತು ಹಾಡು ಹಾಕುತ್ತದೆ. ಬಕೆಟ್ ಹಿಡಿದುಕೊಂಡು ನಾವೇ ಓಡಬೇಕು.

ಅನಿವಾರ್ಯವಾಗಿ ಕಾರು ತೆಗೆಯಲೇಬೇಕಾದಾಗ ಜಾಗ ಕಾಯಲು ಏನೇನಿಲ್ಲ? ಸಿಮೆಂಟ್ ತುಂಬಿದ ಪೇಂಟ್ ಡಬ್ಬ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಒಣಗಿದ ದಾಸವಾಳದ ಕುಂಡ. ಜೊತೆಗೆ ಬೋರ್ಡು: ‘ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು.’ ರಸ್ತೆ ಪಾಲಿಕೆಯದು, ಟಾರು ಜನರ ದುಡ್ಡಿನದು, ಗಾಳಿ ತೆಗೆಯುವ ಅಧಿಕಾರ ಮಾತ್ರ ಮನೆ ಯಜಮಾನರದು. ಒಮ್ಮೆ ಗೌಡ್ರ ಸೋದರಳಿಯನೇ ಗೊತ್ತಿಲ್ಲದೆ ಅಲ್ಲಿ ಕಾರು ನಿಲ್ಲಿಸಿ ಒಳಗೆ ಊಟಕ್ಕೆ ಕೂತ. ಹೊರಗೆ ಗೌಡ್ರು ಅವನ ಗಾಡಿಯ ಗಾಳಿ ಬಿಡುತ್ತಿದ್ದರು.

2021ರಲ್ಲಿ ಸರ್ಕಾರ ಬೆಂಗಳೂರಿಗೆ ಒಂದು ಪಾರ್ಕಿಂಗ್ ನೀತಿ ಮಾಡಿತು. ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಬೇಕಾದರೆ ಪರ್ಮಿಟ್ ತಗೋಬೇಕು, ಚಿಕ್ಕ ಕಾರಿಗೆ ವರ್ಷಕ್ಕೆ 1,000, ದೊಡ್ಡದಕ್ಕೆ 5,000 ರೂಪಾಯಿ ಅಂತ ಅದರಲ್ಲಿತ್ತು. ಬಡಾವಣೆಯ ಸಂಘದ ಸಭೆಯಲ್ಲಿ ಗಲಾಟೆಯೋ ಗಲಾಟೆ. ಸಂವಿಧಾನದ ಮಾತೂ ಬಂತು. ಕೊನೆಗೆ ಗೌಡ್ರು ಎದ್ದು ನಿಂತು, ‘5,000 ಕೊಡೋಣ, ಅದೇನು ದೊಡ್ಡ ವಿಷ್ಯ ಅಲ್ಲ. ಆದ್ರೆ 5,000 ಕೊಟ್ಟೋರ ಸ್ಟಿಕ್ಕರ್ ಬೇರೆ ಬಣ್ಣದಲ್ಲಿರಬೇಕು’ ಅಂದರು. ಸಭೆ ಶಾಂತವಾಯಿತು. ನೀತಿ ಮಾತ್ರ ನಮ್ಮ ರಸ್ತೆಯವರೆಗೆ ಬರಲೇ ಇಲ್ಲ. ಬಂದಿದ್ದರೂ ನಿಲ್ಲಲು ಜಾಗ ಎಲ್ಲಿತ್ತು?

2024ರ ಬೇಸಿಗೆಯಲ್ಲಿ ಮಾತ್ರ ಇವರಿಗೆಲ್ಲ ಕಷ್ಟ ಬಂತು. ಬೋರ್‌ವೆಲ್ ಬತ್ತಿ, ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಧೂಳು ಕೂತರೆ ಬಣ್ಣ ಯಾವುದು ಅಂತಲೇ ತಿಳಿಯುವುದಿಲ್ಲ, ಎಲ್ಲ ಕಾರೂ ಒಂದೇ ಥರ ಕಾಣುತ್ತವೆ. ಹಳೇ ಆಲ್ಟೋಗೂ ಹೊಸ ಕ್ರೆಟಾಗೂ ವ್ಯತ್ಯಾಸವಿಲ್ಲ ಅಂದರೆ ಹೇಗೆ? ಆಂಟಿ ನಡುರಾತ್ರಿ ಪೈಪ್ ಹಿಡಿದರು. ಕಿಟಕಿಯಿಂದ ಯಾರೋ ಕೆಮ್ಮಿದ್ದಕ್ಕೆ, ‘ಇದು ಕಾವೇರಿ ಅಲ್ಲ ರೀ, ಟ್ಯಾಂಕರ್ ನೀರು!’ ಅಂತ ಕೂಗಿ ಹೇಳಿದರು. ಟ್ಯಾಂಕರಿಗೆ ಆಗ ಎಷ್ಟು ರೇಟು ಇತ್ತು ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಮರುದಿನದಿಂದ ಟ್ಯಾಂಕರ್ ನೀರಿನಲ್ಲಿ ಕಾರು ತೊಳೆಸುವುದೇ ಅಂತಸ್ತಾಯಿತು.

ಈಗಿನ ಸುದ್ದಿ ಅಂದರೆ ಇನ್ನೋವಾ ಅಂಕಲ್ ಎರಡನೇ ಕಾರು ಬುಕ್ ಮಾಡಿದ್ದಾರೆ. ಎಲೆಕ್ಟ್ರಿಕ್. ಪರಿಸರ ಕಾಳಜಿ ಅಂತೆ. ಮೊನ್ನೆ ಸಂಜೆ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ನಮ್ಮ ಹೊಸ್ತಿಲು ದಾಟಿದ್ದು. ಕಾಫಿ ಕುಡಿದರು. ನನ್ನ ಹೆಸರೂ ಕೇಳಿ ತಿಳಿದುಕೊಂಡರು. ಸ್ಕೂಟರ್ ಬಹಳ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಂತ ಹೊಗಳಿದರು.

‘ಒಳ್ಳೇದಾಯ್ತು ಸಾರ್. ಆದ್ರೆ ಎರಡನೇದನ್ನ ಎಲ್ಲಿ ನಿಲ್ಲಿಸ್ತೀರಿ?’ ಅಂದೆ.

‘ಅದಕ್ಕೇ ಬಂದೆ ನೋಡಿ’ ಅಂದರು. ‘ನಿಮ್ಮ ಮನೆ ಮುಂದೆ ಸುಮ್ನೆ ಖಾಲಿ ಬಿದ್ದಿದೆಯಲ್ಲ. ಹಾಗೇ ಚಾರ್ಜಿಂಗಿಗೂ ನಿಮ್ಮ ವರಾಂಡದಲ್ಲಿ ಒಂದು ಪ್ಲಗ್ ಪಾಯಿಂಟ್ ಇದ್ಯಾ?’