ಸಿಪ್ಪೆಯೇ ಸರಕು

ಮರಗೆಲಸ ನಡೆಯುವ ಕಡೆ ಹತ್ತರಿ ಹೊಡೆಯುವುದನ್ನು ನೋಡುತ್ತಾ ನಿಲ್ಲುವುದು ನನಗೆ ಮೊದಲಿಂದಲೂ ಇಷ್ಟ. ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತದೆ. ಬಾಗಿಲಿಗೆ ದುಡ್ಡು, ಸಿಪ್ಪೆ ಒಲೆಗೆ. ಜಪಾನಿನ ಹಕೊನೆ ಬೆಟ್ಟದ ಹತಾಜುಕು ಎಂಬ ಪುಟ್ಟ ಊರಲ್ಲಿ ಮಾತ್ರ ಲೆಕ್ಕ ಉಲ್ಟಾ. ಅಲ್ಲಿ ಸಿಪ್ಪೆಯೇ ಸರಕು.

ಈ ಕೆಲಸಕ್ಕೆ ಯೊಸೆಗಿ ಅನ್ನುತ್ತಾರೆ. ಬಣ್ಣ ಮರದ್ದೇ. ಮಿಜುಕಿ ಬಿಳಿ, ನಿಗಾಕಿ ಹಳದಿ, ಹೋನೊಕಿ ತುಸು ಹಸಿರು, ವಾಲ್‌ನಟ್ ಕಂದು. ಇವನ್ನು ಕಡ್ಡಿಗಳಾಗಿ ಸೀಳಿ, ಅಂಟು ಹಚ್ಚಿ, ಬಿಗಿದು ಕಟ್ಟುತ್ತಾರೆ. ಅಂಥ ಕಟ್ಟುಗಳನ್ನೇ ಮತ್ತೆ ಜೋಡಿಸಿ ದೊಡ್ಡ ದಿಮ್ಮಿ ಮಾಡುತ್ತಾರೆ. ಕರಾವಳಿಯ ಪತ್ರೊಡೆ ಎಲ್ಲಿ ಕೊಯ್ದರೂ ಅದೇ ಸುರುಳಿ ಕಾಣುತ್ತದಲ್ವಾ, ಈ ದಿಮ್ಮಿಯೂ ಹಾಗೇ. ಮೇಲೆ ದೊಡ್ಡ ಹತ್ತರಿ ಹೊಡೆದರೆ 0.2 ಮಿಲಿಮೀಟರ್ ಆಸುಪಾಸಿನ ಹಾಳೆ, ಇಡೀ ಚಿತ್ತಾರದ ಸಮೇತ, ಸುರುಳಿಯಾಗಿ ಎದ್ದು ಬರುತ್ತದೆ. ಇಸ್ತ್ರಿ ಪೆಟ್ಟಿಗೆ ಆಡಿಸಿ ಅದನ್ನು ನೆಟ್ಟಗೆ ಮಾಡಿ, ಡಬ್ಬಿಗೋ ತಟ್ಟೆಗೋ ಅಂಟಿಸುತ್ತಾರೆ. ಸಿಪ್ಪೆಗೆ ಇಸ್ತ್ರಿ! ನನ್ನ ಅಂಗಿಗೂ ಅಷ್ಟು ಮರ್ಯಾದೆ ಸಿಗುವುದಿಲ್ಲ.

ಶುರು ಮಾಡಿದವನು ಇಶಿಕಾವ ನಿಹೇಯಿ, ಇದೇ ಊರಿನವನು, ಸುಮಾರು ಇನ್ನೂರು ವರ್ಷದ ಹಿಂದೆ. ಬೆಟ್ಟದಲ್ಲಿ ಬಗೆಬಗೆಯ ಮರ ಇತ್ತು. ಮನೆ ಮುಂದೆಯೇ ಎದೊ, ಅಂದರೆ ಈಗಿನ ಟೋಕಿಯೊ, ಮತ್ತು ಕ್ಯೋಟೊ ನಡುವಿನ ತೊಕೈದೊ ಹೆದ್ದಾರಿ. ಏರು ಹತ್ತಿ ಸುಸ್ತಾದ ದಾರಿಹೋಕ ಕೂತನೆಂದರೆ ಏನಾದರೂ ಕೊಂಡೇ ಏಳುತ್ತಾನೆ. ಚೀಲದಲ್ಲಿ ಭಾರವಾಗದಂಥದ್ದು ಇರಬೇಕು, ಅಷ್ಟೇ. ಮರ ಎಷ್ಟೇ ಇರಲಿ, ಆ ರಸ್ತೆ ಇಲ್ಲದಿದ್ದರೆ ಈ ಕಸುಬು ಬದುಕುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. 1984ರಲ್ಲಿ ಸರ್ಕಾರ ಇದನ್ನು ಸಾಂಪ್ರದಾಯಿಕ ಕರಕುಶಲ ಎಂದು ಗುರುತಿಸಿತು.

ಈ ಚಿತ್ತಾರ ಹೊತ್ತ ಗುಟ್ಟಿನ ಪೆಟ್ಟಿಗೆ ಒಂದು ನಮ್ಮ ಶೋಕೇಸಿನಲ್ಲಿದೆ. ಬೀಗವಿಲ್ಲ, ಮುಚ್ಚಳವೂ ಕಾಣುವುದಿಲ್ಲ. ಪಕ್ಕದ ಪಟ್ಟಿಯನ್ನು ಚೂರೇ ಚೂರು ಸರಿಸಬೇಕು, ಆಮೇಲೆ ಇನ್ನೊಂದನ್ನು, ಮತ್ತೆ ಮೊದಲಿನದನ್ನು. ನಾಲ್ಕೇ ಸಲಕ್ಕೆ ತೆರೆಯುವವೂ ಇವೆ, 70ಕ್ಕೂ ಜಾಸ್ತಿ ಸಲ ಸರಿಸಬೇಕಾದವೂ ಇವೆ. ಬಂದ ನೆಂಟರೆಲ್ಲ ಕೈಗೆತ್ತಿಕೊಂಡು ಅಲ್ಲಾಡಿಸುತ್ತಾರೆ. "ಒಳಗೇನಿದೆ?" "ಏನೂ ಇಲ್ಲ." ಯಾರೂ ನಂಬುವುದಿಲ್ಲ. ಮಕ್ಕಳು ಬೇಗ ತೆಗೆಯುತ್ತಾರೆ, ದೊಡ್ಡವರು ಬಲ ಹಾಕುತ್ತಾರೆ. ಮಳೆಗಾಲದಲ್ಲಿ ಮರ ಉಬ್ಬಿ ಪಟ್ಟಿ ಬಿಗಿಯಾಗುತ್ತದೆ. ಆಗ ಬಲವೂ ಇಲ್ಲ, ಬುದ್ಧಿಯೂ ಇಲ್ಲ, ಸುಮ್ನೆ ಕಾಯಬೇಕು.

ಅದೇ ಹಾದಿಯಲ್ಲಿ, ಇನ್ನೂ ಮೇಲೆ, ಎದೊ ಸರ್ಕಾರದ ಹಕೊನೆ ತಪಾಸಣೆ ಕಟ್ಟೆ ಇತ್ತು. ಎದೊದಿಂದ ಹೊರಡುವ ಹೆಂಗಸರನ್ನು ಅಲ್ಲಿ ತಡೆದು ಭಾರಿ ವಿಚಾರಣೆ ಮಾಡುತ್ತಿದ್ದರು. ಅಂಥ ಜಾಗದ ಪಕ್ಕದಲ್ಲೇ ತೆರೆಯಲಾಗದ ಪೆಟ್ಟಿಗೆ ಮಾರುತ್ತಾ ಕೂರುವುದೆಂದರೆ, ತಮಾಷೆ ಗೊತ್ತಿದ್ದ ಜನವೇ ಇರಬೇಕು.

ಈಗಿನ ಹೆದ್ದಾರಿ ಬೇರೆ ಕಡೆಯಿಂದ ಬೆಟ್ಟ ಹತ್ತುತ್ತದೆ. ಪ್ರತಿ ಜನವರಿ 2ರಂದು ಕಾಲೇಜು ಹುಡುಗರು ಟೋಕಿಯೊದಿಂದ ಹಕೊನೆಗೆ ಓಡುವ ಎಕಿದೆನ್ ರಿಲೇ ಕೂಡ ಆ ರಸ್ತೆಯಲ್ಲೇ, ಹತಾಜುಕು ಅದಕ್ಕೆ ಸಿಗುವುದಿಲ್ಲ. ಆದರೆ ಎರಡು ದಿನದ ಆ ಓಟದಲ್ಲಿ ಮೊದಲ ದಿನ ಗೆದ್ದ ತಂಡಕ್ಕೆ ಕೊಡುವ ಟ್ರೋಫಿ ಯೊಸೆಗಿಯದು. ಹತಾಜುಕುವಿನಲ್ಲೇ ಮಾಡುತ್ತಾರೆ.